ತತ್ತಿ ಬೇಡ ಅಂದವರು ಯಾರು?

ಅಕ್ಕನ ಮಗನ ಟಿಸಿ ತರಲು ಒಮ್ಮೆ ಯಾದಗಿರಿ ಜಿಲ್ಲೆಯ ಒಂದು ಸರ್ಕಾರಿ ಶಾಲೆಗೆ ಹೋಗಿದ್ದೆ. ಬಿಸಿಯೂಟದ ಹೊತ್ತು. ಮಕ್ಕಳು ತಾಟು ಹಿಡಿದು ವರಾಂಡದಲ್ಲಿ ಸಾಲಾಗಿ ಕೂತಿದ್ದರು. ಅನ್ನ, ಸಾಂಬಾರು, ಪಕ್ಕಕ್ಕೆ ಒಂದೊಂದು ಬಾಳೆಹಣ್ಣು. ಅವತ್ತು ತತ್ತಿ ಕೊಡುವ ದಿನ. ನಮ್ಮ ಕಡೆ ಮೊಟ್ಟೆಗೆ ತತ್ತಿ ಅಂತೀವಿ. ಸರ್ಕಾರದ ಕಾಗದದಲ್ಲಿ ಮೊಟ್ಟೆ, ಮಕ್ಕಳ ಬಾಯಲ್ಲಿ ತತ್ತಿ.

“ತತ್ತಿ ಬಂದಿಲ್ಲೇನ್ರಿ ಸರ್?” ಅಂತ ಕೇಳಿದೆ.

“ನಮ್ಮ ಸಾಲ್ಯಾಗ ಯಾರೂ ತಿನ್ನಂಗಿಲ್ರಿ” ಎಂದರು ಹೆಡ್ ಮಾಸ್ತರು. ಒಳ್ಳೆಯ ಮನುಷ್ಯ. ಚಹಾ ತರಿಸಿದರು. ಟಿಸಿಯನ್ನು ಹತ್ತೇ ನಿಮಿಷದಲ್ಲಿ ಬರೆದುಕೊಟ್ಟರು.

ಸಂಜೆ ಬಸ್ಸಿಗೆ ಕಾಯುವಾಗ ಸ್ಟ್ಯಾಂಡಿನ ಎಗ್ ರೈಸ್ ಬಂಡಿ ಮುಂದೆ ಅದೇ ಸಮವಸ್ತ್ರದ ನಾಲ್ಕು ಹುಡುಗರು ನಿಂತಿದ್ದರು. ಒಂದೇ ಪ್ಲೇಟು, ನಾಲ್ಕು ಕೈ.

ಮಾಸ್ತರು ಬೇಕಂತಲೇ ಸುಳ್ಳು ಹೇಳಿದರು ಅಂತ ನನಗೆ ಅನ್ನಿಸಲಿಲ್ಲ. ಅವರ ಪಾಲಿಗೆ ಅದು ನಿಜವೇ ಇರಬೇಕು. ಅವರು ತಿನ್ನುವುದಿಲ್ಲ. ಅವರ ಮನೆಯಲ್ಲಿ ತಿನ್ನುವುದಿಲ್ಲ. ಶಾಲೆಯಲ್ಲಿ ಅದರ ಮಾತು ಎತ್ತಿದವರೂ ಇಲ್ಲ. ಹೀಗೆ ಒಬ್ಬರ ಅಡುಗೆಮನೆಯ ನಿಯಮ ಸದ್ದಿಲ್ಲದೆ ನೂರಾರು ಮಕ್ಕಳ ತಾಟಿಗೆ ಇಳಿಯುತ್ತದೆ. ಯಾವ ದಾರಿಯಲ್ಲಿ ಇಳಿಯುತ್ತದೆ, ಯಾಕೆ ಯಾರ ಕಣ್ಣಿಗೂ ಬೀಳುವುದಿಲ್ಲ ಅನ್ನುವುದು ನನ್ನನ್ನು ಅವತ್ತಿನಿಂದ ಕಾಡುತ್ತಿದೆ.

ತತ್ತಿ ನಮ್ಮ ಭಾಗಕ್ಕೇ ಮೊದಲು ಬಂದದ್ದು ಯಾಕೆ ಅನ್ನುವುದನ್ನು ಮೊದಲು ನೋಡೋಣ. 2021ರ ಡಿಸೆಂಬರ್ 1ರಿಂದ ರಾಜ್ಯದ ಏಳು ಜಿಲ್ಲೆಗಳಲ್ಲಿ ಒಂದರಿಂದ ಎಂಟನೇ ತರಗತಿಯ ಮಕ್ಕಳಿಗೆ ಬೇಯಿಸಿದ ಮೊಟ್ಟೆ ಕೊಡಲು ಶುರು ಮಾಡಿದರು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯಪುರ. ತಿಂಗಳಿಗೆ 12 ಮೊಟ್ಟೆ, ಮಾರ್ಚ್‌ವರೆಗೆ ಪ್ರಯೋಗ. ತಿನ್ನದವರಿಗೆ ಬಾಳೆಹಣ್ಣು. ಈ ಜಿಲ್ಲೆಗಳೇ ಯಾಕೆ ಅಂದರೆ, ಮಕ್ಕಳಲ್ಲಿ ಅಪೌಷ್ಟಿಕತೆ, ರಕ್ತಹೀನತೆ ಇಲ್ಲಿ ಜಾಸ್ತಿ. ಆಗ ಸರ್ಕಾರ ಕೊಟ್ಟ ಲೆಕ್ಕದಲ್ಲಿ ಯಾದಗಿರಿಯದು ಶೇ 74, ಕಲಬುರಗಿಯದು ಶೇ 72.4, ಬೀದರಿನದು ಶೇ 69.1. ನಾಲ್ಕು ಮಕ್ಕಳಲ್ಲಿ ಹೆಚ್ಚುಕಮ್ಮಿ ಮೂವರು. ತೊಗರಿ ಕಣಜ ಅಂತ ಹೆಸರು ಪಡೆದ ನಾಡಿನ ಮಕ್ಕಳ ಲೆಕ್ಕ ಇದು.

ಕಾರಣ ಇಲ್ಲಿ ಇರುವವರಿಗೆ ಗೊತ್ತೇ ಇದೆ. ಮಳೆ ನಂಬಿದ ಬೇಸಾಯ. ಸುಗ್ಗಿ ಮುಗಿದ ಮೇಲೆ ಬೆಂಗಳೂರು, ಪುಣೆ, ಹೈದರಾಬಾದ್ ಕಡೆ ಗುಳೆ. ಅಜ್ಜಿ ಹತ್ತಿರ ಬಿಟ್ಟುಹೋದ ಮಕ್ಕಳು. ಎಳೆ ವಯಸ್ಸಿಗೇ ಮದುವೆಯಾಗಿ ತಾಯಾದ ಹುಡುಗಿಯರು. ರೊಟ್ಟಿಗೆ ಖಾರ, ಶೇಂಗಾ ಹಿಂಡಿ ಸಿಕ್ಕರೆ ಅವತ್ತಿನ ಊಟ ಆಯಿತು.

ಆದೇಶ ಹೊರಬಿದ್ದದ್ದೇ ತಡ, ವಿರೋಧ ಎದ್ದಿತು. ಕೆಲವು ಲಿಂಗಾಯತ ಸ್ವಾಮೀಜಿಗಳು, ಜೈನ ಸಮುದಾಯದ ಮುಖಂಡರು ಹೋರಾಟದ ಮಾತಾಡಿದರು. ಇದು ಹೊಸದೇನೂ ಅಲ್ಲ. 2007ರಲ್ಲೂ ಶಾಲೆಯಲ್ಲಿ ಮೊಟ್ಟೆ ಕೊಡುವ ಮಾತು ಬಂದು, ಇಂಥದೇ ವಿರೋಧಕ್ಕೆ ಬಿದ್ದುಹೋಗಿತ್ತು. ಈ ಸಲ ಬೀಳಲಿಲ್ಲ. ಗಂಗಾವತಿಯ ಒಬ್ಬ ಶಾಲಾ ಹುಡುಗಿ, ಮೊಟ್ಟೆ ಕೊಡದಿದ್ದರೆ ನಿಮ್ಮ ಮಠಕ್ಕೇ ಬಂದು ತಿಂತೀವಿ ಅನ್ನುವ ಧಾಟಿಯಲ್ಲಿ ಮಾತಾಡಿದ ವಿಡಿಯೊ ರಾಜ್ಯದ ಮೊಬೈಲ್‌ಗಳಲ್ಲೆಲ್ಲ ಓಡಾಡಿತು. ಮಕ್ಕಳ ಊಟದ ಬಗ್ಗೆ ಒಬ್ಬ ಮಗು ಮಾತಾಡಿದ್ದು ನಮಗೆ ಅಷ್ಟು ದೊಡ್ಡ ಸುದ್ದಿ!

ಆಮೇಲೆ ಒಂದು ಒಳ್ಳೆ ಕೆಲಸ ಆಯಿತು. ಯಾರ ಮಾತು ನಿಜ ಅಂತ ತೂಕಕ್ಕೆ ಹಾಕಿ ನೋಡಿದರು. ಅಕ್ಷರಶಃ ತೂಕಕ್ಕೆ. ಗದಗದಲ್ಲಿರುವ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದವರು ಮೊಟ್ಟೆ ಸಿಗುತ್ತಿದ್ದ ಯಾದಗಿರಿ ಜಿಲ್ಲೆಯ ಮಕ್ಕಳನ್ನೂ, ಸಿಗದ ಗದಗ ಜಿಲ್ಲೆಯ ಮಕ್ಕಳನ್ನೂ ಹೋಲಿಸಿದರು. ಯಾದಗಿರಿ ಮಕ್ಕಳ ತೂಕ ಜಾಸ್ತಿ ಏರಿತ್ತು. ಅದರಲ್ಲೂ ಎಂಟನೇ ತರಗತಿಯ ಹುಡುಗಿಯರಲ್ಲಿ ವ್ಯತ್ಯಾಸ ಎದ್ದು ಕಾಣುತ್ತಿತ್ತು. 2022ರಲ್ಲಿ ಈ ವರದಿ ಹೊರಬಂತು. ಮೊಟ್ಟೆ ಎಲ್ಲ ಜಿಲ್ಲೆಗಳಿಗೂ ಹೋಯಿತು. 2023ರಲ್ಲಿ ಒಂಬತ್ತು, ಹತ್ತನೇ ತರಗತಿಯವರೂ ಸೇರಿದರು. 2024ರ ಸೆಪ್ಟೆಂಬರ್‌ನಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ವಾರದ ಆರೂ ದಿನ. ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿಯ ಒಪ್ಪಂದ ಅದು. ಯಾವುದಕ್ಕೂ ಬೆಂಗಳೂರು ಕಡೆ ನೋಡುವ ನಮ್ಮ ಹಿಂದುಳಿದ ಜಿಲ್ಲೆ, ಒಮ್ಮೆಯಾದರೂ ಇಡೀ ರಾಜ್ಯಕ್ಕೆ ದಾರಿ ತೋರಿಸಿತು. ಇದನ್ನು ಯಾದಗಿರಿಯವರೇ ಹೇಳಿಕೊಂಡದ್ದು ಕಡಿಮೆ.

ವಿಚಿತ್ರ ಏನೆಂದರೆ, ವರದಿ ಬಂದ ಅದೇ ವರ್ಷ ಹೊಸ ಶಿಕ್ಷಣ ನೀತಿಗಾಗಿ ರಾಜ್ಯದ ಸಮಿತಿಯೊಂದು ಬರೆದ ಪತ್ರದಲ್ಲಿ, ಮೊಟ್ಟೆ, ಮಾಂಸ ಮಕ್ಕಳ ಆರೋಗ್ಯಕ್ಕೆ ಒಳ್ಳೆಯದಲ್ಲ ಅನ್ನುವ ಮಾತಿತ್ತು. ಒಂದು ಕಡೆ ತಕ್ಕಡಿ ಒಂದು ಹೇಳುತ್ತಿದೆ, ಇನ್ನೊಂದು ಕಡೆ ಕಾಗದ ಬೇರೆಯದನ್ನೇ ಹೇಳುತ್ತಿದೆ. ಅದು ಮೇಲಿನ ಮಟ್ಟದ್ದು. ಪತ್ರಿಕೆಗಳು ಬರೆದವು, ವೈದ್ಯರು ಪ್ರಶ್ನಿಸಿದರು, ಜಗಳ ಬಯಲಿಗೆ ಬಂತು. ನಂಬಿಕೆ ಕಾಗದದ ಮೇಲೆ ಬಂದರೆ ಅಷ್ಟು ಅಪಾಯ ಇಲ್ಲ. ಅದನ್ನು ಓದಬಹುದು, ಬೈಯಬಹುದು, ಕೋರ್ಟಿಗೆ ಒಯ್ಯಬಹುದು.

ಊರಿನ ಮಟ್ಟದಲ್ಲಿ ಕಾಗದ ಇರುವುದಿಲ್ಲ.

ಅಲ್ಲಿ ಏನಾಗುತ್ತದೆ ಅಂದರೆ, ಹಣ ಶಾಲೆಯ ಖಾತೆಗೆ ಬರುತ್ತದೆ. ಮೊಟ್ಟೆ ಎಲ್ಲಿಂದ ತರಬೇಕು, ಎಷ್ಟು ತರಬೇಕು ಅನ್ನುವುದನ್ನು ಹೆಡ್ ಮಾಸ್ತರು, ಎಸ್‌ಡಿಎಂಸಿ ಅಂದರೆ ಶಾಲಾಭಿವೃದ್ಧಿ ಸಮಿತಿಯವರು ನೋಡಿಕೊಳ್ಳುತ್ತಾರೆ. ಎಷ್ಟು ಮಕ್ಕಳಿಗೆ ಮೊಟ್ಟೆ, ಎಷ್ಟು ಮಕ್ಕಳಿಗೆ ಬಾಳೆಹಣ್ಣು ಅನ್ನುವ ಸಂಖ್ಯೆ ಶಾಲೆಯಲ್ಲೇ ಹುಟ್ಟುತ್ತದೆ. ತಾಲ್ಲೂಕಿಗೆ, ಜಿಲ್ಲಾ ಪಂಚಾಯತಿಗೆ ಹೋಗುವುದು ಆ ಸಂಖ್ಯೆ ಮಾತ್ರ. ಅದು ಹೇಗೆ ಹುಟ್ಟಿತು ಅಂತ ಮೇಲೆ ಕೂತವರು ಕೇಳುವುದು ಅಪರೂಪ. ಇಡೀ ವ್ಯವಸ್ಥೆಯ ಸೂಕ್ಷ್ಮ ಜಾಗ ಇದೇ.

ತರಗತಿಯ ಮುಂದೆ ನಿಂತು “ಯಾರ್ಯಾರು ತತ್ತಿ ತಿಂತೀರಿ, ಕೈ ಎತ್ರಿ” ಅಂದರೆ ಸಾಕು. ಪಟ್ಟಣದಲ್ಲಿ ಅದು ಸುಮ್ನೆ ಒಂದು ಪ್ರಶ್ನೆ ಇರಬಹುದು. ನಮ್ಮ ಊರುಗಳಲ್ಲಿ ಕೈ ಎತ್ತಿದ ಹುಡುಗ ತನ್ನ ಓಣಿ ಯಾವುದು ಅಂತ ಹೇಳಿದ ಹಾಗೆ. ಎಲ್ಲರಿಗೂ ಮೊದಲೇ ಗೊತ್ತಿರುತ್ತದೆ ನಿಜ. ಆದರೂ ಎಲ್ಲರ ಮುಂದೆ ಮತ್ತೆ ಹೇಳಿಸುವುದು ಬೇರೆ ಅಲ್ವಾ? ಕೇಳುವ ಧ್ವನಿಯಲ್ಲಿ ಸ್ವಲ್ಪ ಮೂಗು ಮುರಿದರಂತೂ ಎರಡನೇ ಸಲ ಕೈ ಏಳುವುದಿಲ್ಲ. ಆಮೇಲೆ ರಿಜಿಸ್ಟರ್‌ನಲ್ಲಿ “ಮಕ್ಕಳಿಗೆ ಇಷ್ಟ ಇಲ್ಲ” ಅಂತ ಆಗುತ್ತದೆ.

ಇನ್ನು ಊರ ಹಿರಿಯರ ಫೋನು. “ಸಾಲಿ ಬಾಜೂಕ ಗುಡಿ ಅದ. ವಾಸನಿ ಬರ್ತದ. ಸ್ವಲ್ಪ ನೋಡ್ರಿ ಸರ್.” ಇಷ್ಟೇ. ಇದು ಆದೇಶ ಅಲ್ಲ, ಬೆದರಿಕೆಯೂ ಅಲ್ಲ. ಆದರೆ ಮಾಸ್ತರಿಗೆ ಅದೇ ಊರಲ್ಲಿ ಕೆಲಸ ಮಾಡಬೇಕು. ಕಾಂಪೌಂಡಿಗೆ, ನೀರಿನ ಟ್ಯಾಂಕಿಗೆ, ಶೌಚಾಲಯಕ್ಕೆ ಅದೇ ಪಂಚಾಯತಿ ಮುಂದೆ ನಿಲ್ಲಬೇಕು. ಒಂದು ತತ್ತಿಗಾಗಿ ಯಾರು ಎದುರು ಹಾಕಿಕೊಳ್ಳುತ್ತಾರೆ? ಇದು ನಮ್ಮ ಕಡೆ ಮಾತ್ರ ಅಂದುಕೊಳ್ಳಬೇಡಿ. 2025ರಲ್ಲಿ ಮಂಡ್ಯ ಜಿಲ್ಲೆಯ ಆಲಕೆರೆ ಗ್ರಾಮದಲ್ಲಿ ಶಾಲೆ ಹತ್ತಿರ ದೇವಸ್ಥಾನ ಇದೆ ಅನ್ನುವ ಕಾರಣಕ್ಕೇ ಮೊಟ್ಟೆಯ ಜಗಳ ಎದ್ದು, ಹಲವು ಪಾಲಕರು ಮಕ್ಕಳನ್ನು ಬೇರೆ ಶಾಲೆಗೆ ಸೇರಿಸುವವರೆಗೂ ಹೋಯಿತು.

ಮೂರನೆಯದು ರೊಕ್ಕ. 2024ರಲ್ಲಿ ಒಂದು ಮೊಟ್ಟೆಗೆ ಸರ್ಕಾರ ಕೊಡುತ್ತಿದ್ದದ್ದು 6 ರೂಪಾಯಿ. ಕೊಳ್ಳುವುದು, ಸಾಗಿಸುವುದು, ಬೇಯಿಸುವುದು, ಸಿಪ್ಪೆ ಸುಲಿಯುವುದು ಎಲ್ಲ ಅದರಲ್ಲೇ. ಪೇಟೆಯಲ್ಲಿ ಮೊಟ್ಟೆ ಬೆಲೆಯೇ 6 ದಾಟಿದ ದಿನ ಮಾಸ್ತರು ಜೇಬಿಗೆ ಕೈ ಹಾಕಬೇಕು. ಬಾಳೆಹಣ್ಣಿಗೆ ಬೆಂಕಿ ಬೇಡ, ನೀರು ಬೇಡ, ಸುಲಿಯುವುದನ್ನು ಮಕ್ಕಳೇ ಮಾಡುತ್ತಾರೆ. ಹೀಗಾಗಿ ಬಾಳೆಹಣ್ಣು ಕೊಡುವ ಎಲ್ಲ ಮಾಸ್ತರರೂ ಮಡಿವಂತರು ಅಂತ ತಿಳಿಯುವುದು ತಪ್ಪು. ಬಹಳಷ್ಟು ಜನ ಲೆಕ್ಕಕ್ಕೆ ಸೋತವರು. ಆದರೆ ನಂಬಿಕೆಗೆ ಈ ಲೆಕ್ಕ ಒಳ್ಳೆ ಜೊತೆಗಾರ. “ನನಗೆ ಮುಟ್ಟಲು ಆಗಲ್ಲ” ಅಂತ ಬರೆದುಕೊಡಲು ಯಾವ ಅಧಿಕಾರಿಗೂ ಧೈರ್ಯ ಬರುವುದಿಲ್ಲ. “ದರ ಸಾಲುತ್ತಿಲ್ಲ” ಅಂತ ಬರೆಯಲು ಯಾರ ಭಯ? ಎರಡನ್ನೂ ಬೇರೆ ಮಾಡಿ ನೋಡಲು ಒಂದು ಸರಳ ದಾರಿ ಇದೆ. ಬೇಸಿಗೆಯಲ್ಲಿ ಮೊಟ್ಟೆ ದರ ಇಳಿಯುತ್ತದೆ. ಇಳಿದಾಗಲೂ ತತ್ತಿ ಬರದಿದ್ದರೆ ಕಾರಣ ದರ ಅಲ್ಲ.

ಈಗ ವಿರೋಧಿಸುವವರ ಮಾತನ್ನೂ ಸರಿಯಾಗಿ ಕೇಳಬೇಕು. ಅವರ ವಾದಗಳಲ್ಲಿ ಒಂದು ನಿಜಕ್ಕೂ ಗಟ್ಟಿ. ಒಂದೇ ಸಾಲಿನಲ್ಲಿ ಕೂತ ಮಕ್ಕಳಿಗೆ ಒಬ್ಬರಿಗೆ ಒಂದು, ಇನ್ನೊಬ್ಬರಿಗೆ ಇನ್ನೊಂದು ಬಡಿಸಿದರೆ ಅದು ಪಂಕ್ತಿಭೇದ ಆಗುವುದಿಲ್ಲವೇ, ಎಲ್ಲರೂ ತಿನ್ನುವಂಥದ್ದನ್ನೇ ಕೊಡಿ ಅನ್ನುತ್ತಾರೆ. ಪಂಕ್ತಿಭೇದ ಅನ್ನುವ ಮಾತಿಗೆ ಈ ನೆಲದಲ್ಲಿ ತೂಕ ಇದೆ. ಬಸವಕಲ್ಯಾಣ ಇರುವುದು ಬೀದರ್ ಜಿಲ್ಲೆಯಲ್ಲಿ.

ಆದರೆ ಅಂಕಿ ನೋಡಿ. ಬಿಸಿಯೂಟದ ನಿಯಮದ ಪ್ರಕಾರ ಐದನೇ ತರಗತಿವರೆಗಿನ ಮಗುವಿಗೆ ಒಂದು ಊಟದಲ್ಲಿ 12 ಗ್ರಾಂ ಪ್ರೋಟೀನ್ ಸಿಗಬೇಕು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಇರುತ್ತದೆ. ಒಂದು ಬಾಳೆಹಣ್ಣಿನಲ್ಲಿ ಸುಮಾರು 1 ಗ್ರಾಂ. ಮೊಟ್ಟೆ ಬದಲು ಬಾಳೆಹಣ್ಣು ಅಂದರೆ ಅದು ಬದಲಿ ಅಲ್ಲ, ಸಮಾಧಾನ ಅಷ್ಟೇ. ಬೇಳೆಯಲ್ಲಿ ಪ್ರೋಟೀನ್ ಇಲ್ಲವೇ ಅಂದರೆ, ಇದೆ. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ, ಅಂದರೆ ಈ ನೆಲದ್ದೇ ಬೆಳೆ ಅನ್ನುವ ಮಾನ್ಯತೆಯೇ ಸಿಕ್ಕಿದೆ. ಆದರೆ ಸಣ್ಣ ತರಗತಿಯ ಮಗುವಿನ ಪಾಲಿಗೆ ದಿನಕ್ಕೆ ಗೊತ್ತು ಮಾಡಿದ ಬೇಳೆ 20 ಗ್ರಾಂ. ಶಾಲೆಯ ಸಾಂಬಾರಿನಲ್ಲಿ ಆ ಬೇಳೆಯನ್ನು ಸೌಟು ಹಾಕಿ ಹುಡುಕಬೇಕು. ಮೊಟ್ಟೆ ಬೇಡ ಅಂದವರು ಅಷ್ಟೇ ಜೋರಾಗಿ “ಬೇಳೆಯನ್ನು ಎರಡು ಪಟ್ಟು ಮಾಡಿ, ದಿನಾ ಹಿಡಿ ತುಂಬ ಶೇಂಗಾ ಕೊಡಿ” ಅಂತ ಬೀದಿಗೆ ಇಳಿದಿದ್ದರೆ ನಾನು ಅವರ ಜೊತೆ ನಿಲ್ಲುತ್ತಿದ್ದೆ. ನಡುವೆ ಶೇಂಗಾ ಚಿಕ್ಕಿ ಅಂತ ಒಂದು ಬಂತು, ಆಮೇಲೆ ಅದನ್ನು ಕೈಬಿಟ್ಟರು. ಅದಕ್ಕಾಗಿ ಯಾರೂ ಧರಣಿ ಕೂರಲಿಲ್ಲ. ಹಾಲೂ ಪ್ರಾಣಿಯಿಂದಲೇ ಬರುತ್ತದೆ, 2013ರಿಂದ ಕ್ಷೀರಭಾಗ್ಯದಲ್ಲಿ ಮಕ್ಕಳಿಗೆ ಸಿಗುತ್ತಿದೆ. ಅದರ ಬಗ್ಗೆಯೂ ತಕರಾರಿಲ್ಲ, ಇರಬೇಕಾಗಿಯೂ ಇಲ್ಲ.

ಈ ಗೊಂದಲದ ಬೇರು ಯೋಜನೆಯ ಹೆಸರಿನಲ್ಲೇ ಇದೆ ಅಂತ ನನಗೆ ಅನ್ನಿಸುತ್ತದೆ. ಕರ್ನಾಟಕದ ಬಿಸಿಯೂಟಕ್ಕೆ ‘ಅಕ್ಷರ ದಾಸೋಹ’ ಅಂತ ಹೆಸರು. ಅದು 2002ರಲ್ಲಿ ಶುರುವಾದದ್ದೂ ಮೊದಲು ನಮ್ಮ ಭಾಗದ ಜಿಲ್ಲೆಗಳಲ್ಲೇ. ಬಲು ಚೆಂದದ ಹೆಸರು. ದಾಸೋಹ ಅಂದರೆ ಏನು ಅಂತ ಕಲಬುರಗಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಶರಣಬಸವೇಶ್ವರರ ಹೆಸರೇ ದಾಸೋಹದ ಜೊತೆ ಬೆಸೆದಿದೆ. ಬೀದರಿನ ನಾನಕ್ ಝೀರಾ ಗುರುದ್ವಾರದ ಲಂಗರಿನಲ್ಲಿ ಯಾರು ಬೇಕಾದರೂ ಕೂತು ಉಣ್ಣಬಹುದು. ಅಲ್ಲಿ ಬಡಿಸಿದ್ದನ್ನು ಕಣ್ಣಿಗೆ ಒತ್ತಿಕೊಂಡು ಉಣ್ಣುತ್ತೇವೆ. ತತ್ತಿ ಯಾಕಿಲ್ಲ ಅಂತ ಕೇಳುವುದಿಲ್ಲ. ಕೇಳಲೂಬಾರದು. ಅಲ್ಲಿ ಅಡುಗೆ ಏನು ಅನ್ನುವುದು ಕೊಡುವವರ ಭಕ್ತಿಗೆ ಬಿಟ್ಟದ್ದು.

ಶಾಲೆಯ ಊಟ ಹಾಗಲ್ಲ. ಅದು ಯಾರ ಭಕ್ತಿಯಿಂದಲೂ ಬಂದದ್ದಲ್ಲ. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟು ಸರ್ಕಾರಿ ಶಾಲೆಯ ಮಕ್ಕಳಿಗೆ ಬೇಯಿಸಿದ ಊಟ ಕೊಡಲೇಬೇಕು ಅಂತ ಹೇಳಿತು. 2013ರ ಆಹಾರ ಭದ್ರತಾ ಕಾಯ್ದೆ ಅದನ್ನು ಹಕ್ಕು ಅಂತ ಬರೆಯಿತು. ಸಂವಿಧಾನದ 47ನೇ ವಿಧಿ ಜನರ ಪೌಷ್ಟಿಕತೆ ಹೆಚ್ಚಿಸುವುದನ್ನು ಸರ್ಕಾರದ ಕರ್ತವ್ಯ ಅನ್ನುತ್ತದೆ. ಇಲ್ಲಿ ಕೊಡುವವರು ಬರೀ ಕೈ ಬದಲಿಸುವವರು. ರೊಕ್ಕ ಜನರದ್ದು. ಆದರೆ ದಾಸೋಹ ಅನ್ನುವ ಮಾತು ಕಿವಿಗೆ ಬಿದ್ದ ಕೂಡಲೇ ಸಣ್ಣ ಅಧಿಕಾರಿಗೂ ತಾನೇ ದಾನಿ ಅನ್ನಿಸಿಬಿಡುತ್ತದೆ. ದಾನಿಗೆ ತನ್ನ ಮಡಿ ಇರುತ್ತದೆ. ತೆಗೆದುಕೊಳ್ಳುವವನು ತಗ್ಗಿ ನಿಲ್ಲಬೇಕು ಅನ್ನುವ ನಿರೀಕ್ಷೆಯೂ ಇರುತ್ತದೆ.

ಇದು ತತ್ತಿಗೇ ಮುಗಿಯುವುದಿಲ್ಲ. ಯಾರು ಅಡುಗೆ ಮಾಡಬೇಕು ಅನ್ನುವುದರಲ್ಲೂ ಇದೇ ಆಟ. ಅಡುಗೆಯವರ ನೇಮಕದಲ್ಲಿ ದಲಿತ, ಆದಿವಾಸಿ ಮಹಿಳೆಯರಿಗೆ ಆದ್ಯತೆ ಕೊಡಿ ಅಂತ ಸುಪ್ರೀಂ ಕೋರ್ಟು 2004ರಲ್ಲೇ ಹೇಳಿದೆ. 2025ರಲ್ಲಿ ಚಾಮರಾಜನಗರ ಜಿಲ್ಲೆಯ ಹೊಮ್ಮ ಗ್ರಾಮದ ಶಾಲೆಯಲ್ಲಿ ದಲಿತ ಮಹಿಳೆ ಮುಖ್ಯ ಅಡುಗೆಯವರಾದ ಮೇಲೆ ಮಕ್ಕಳು ಒಬ್ಬೊಬ್ಬರೇ ಶಾಲೆ ಬಿಟ್ಟ ಸುದ್ದಿ ಬಂತು. ಅದು ಸುದ್ದಿಯಾಯಿತು. ಸುದ್ದಿಯಾಗದ್ದು ಹೇಗಿರುತ್ತದೆ ಅಂದರೆ, ದಲಿತ ಹೆಣ್ಣುಮಗಳಿಗೆ ಅಡುಗೆ ಸಹಾಯಕಿ ಕೆಲಸ ಸಿಗುತ್ತದೆ, ಆದರೆ ಪಾತ್ರೆ ತೊಳೆಯುವುದು, ಕಸ ಗುಡಿಸುವುದು ಮಾತ್ರ ಅವಳ ಪಾಲಿಗೆ. ಸೌಟು ಬೇರೆಯವರ ಕೈಯಲ್ಲಿ. ಕಾಗದದಲ್ಲಿ ಮೀಸಲಾತಿ ಪಾಲನೆ ಆಗಿದೆ. ಯಾವ ತಪಾಸಣೆಯಲ್ಲೂ ಸಿಕ್ಕಿಬೀಳುವುದಿಲ್ಲ.

ಹಾಗಾದರೆ ಇದನ್ನು ಕೇಳಬೇಕಾದವರು ಯಾರು? ಪುಸ್ತಕದ ಪ್ರಕಾರ ಜಿಲ್ಲಾ ಪಂಚಾಯತಿ, ತಾಲ್ಲೂಕು ಪಂಚಾಯತಿ ಸದಸ್ಯರು. ಅವರ ಕೊನೆಯ ಚುನಾವಣೆ ನಡೆದದ್ದು 2016ರಲ್ಲಿ. ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳದೇ ಕಾರುಬಾರು. ಅಂದರೆ ನಮ್ಮ ಭಾಗಕ್ಕೆ ತತ್ತಿ ಬಂದ ದಿನವೇ ಅದರ ಲೆಕ್ಕ ಕೇಳುವ ಸದಸ್ಯರು ಇರಲಿಲ್ಲ. ಸದಸ್ಯರು ಇದ್ದರೆ ಎಲ್ಲ ಸರಿಹೋಗುತ್ತಿತ್ತು ಅಂತ ನಾನು ಹೇಳುವುದಿಲ್ಲ. ಅವರಲ್ಲೂ ಫೋನು ಮಾಡುವವರು ಇರುತ್ತಾರೆ. ಆದರೆ ಮೂವತ್ತು ಜನ ಕೂತ ಸಭೆಯಲ್ಲಿ ಒಬ್ಬರ ನಂಬಿಕೆಗೆ ಇನ್ನೊಬ್ಬರ ಊಟ ಅಡ್ಡ ಬರುತ್ತದೆ. ಒಬ್ಬ ಅಧಿಕಾರಿಯ ಕೋಣೆಯಲ್ಲಿ ಹಾಗೆ ಅಡ್ಡ ಬರುವವರು ಯಾರೂ ಇಲ್ಲ. ಅವರು ಬಿಚ್ಚು ಮನಸ್ಸಿನವರಾದರೆ ಜಿಲ್ಲೆಯ ಅದೃಷ್ಟ. ವರ್ಗವಾಗಿ ಬೇರೆಯವರು ಬಂದರೆ ತಾಟಿನ ಬಣ್ಣವೂ ಬದಲು.

ಉಳಿದದ್ದು ಎಸ್‌ಡಿಎಂಸಿ. ಪಾಲಕರೇ ಆರಿಸಿದ ಸಮಿತಿ ಅದು. ಗುಳೆ ಹೋದ ಪಾಲಕರು ಸಭೆಗೆ ಬರುವುದು ಹೇಗೆ? ತತ್ತಿಯ ಅಗತ್ಯ ಅತಿ ಹೆಚ್ಚು ಇರುವ ಮಗುವಿನ ಅಪ್ಪ ಅವ್ವ ಆ ಹೊತ್ತಿಗೆ ಬೆಂಗಳೂರಿನ ಯಾವುದೋ ಕಟ್ಟಡದ ಮೇಲೆ ಇಟ್ಟಿಗೆ ಹೊರುತ್ತಿರುತ್ತಾರೆ. ಸಭೆಗೆ ಬರಲು ಪುರುಸೊತ್ತು ಇರುವವರ ರುಚಿಯೇ ಕೊನೆಗೆ ಊರಿನ ರುಚಿ ಅಂತ ಆಗುತ್ತದೆ.

ಇನ್ನೊಂದು ಬದಿಯ ತಪ್ಪನ್ನೂ ಹೇಳಿಬಿಡಬೇಕು. ತತ್ತಿ ತಿನ್ನದ ಮಗುವನ್ನು “ಏ ಪುಳಿಚಾರು” ಅಂತ ಕಾಡುವ ಮಾಸ್ತರರೂ ಇದ್ದಾರೆ. ತಿಂದರೆ ಮಾತ್ರ ನೀನು ಆಧುನಿಕ ಅನ್ನುವ ಹಾಗೆ ಮಾತಾಡುವವರೂ ಇದ್ದಾರೆ. ಅದೂ ದೊಡ್ಡವರ ಸಿದ್ಧಾಂತವನ್ನು ಸಣ್ಣವರ ಬಾಯಿಗೆ ತುರುಕುವುದೇ. ನಮ್ಮಲ್ಲಿ ಸೋಮವಾರ, ಶನಿವಾರ ತತ್ತಿ ಮುಟ್ಟದ ಮನೆಗಳು ಬಹಳ. ಶ್ರಾವಣದಲ್ಲಿ ಮಾಂಸದ ಅಂಗಡಿಯವರೇ ನೊಣ ಹೊಡೆಯುತ್ತಾ ಕೂರುತ್ತಾರೆ. ಆ ದಿನಗಳಲ್ಲಿ ಬಾಳೆಹಣ್ಣು ಕೇಳುವ ಮಕ್ಕಳ ಸಂಖ್ಯೆ ಏರಿದರೆ ಅದು ಸಹಜ. ಅಸಹಜ ಯಾವುದು ಅಂದರೆ, ವರ್ಷದ ಎಲ್ಲ ದಿನವೂ, ಎಲ್ಲ ತರಗತಿಯಲ್ಲೂ, ಎಲ್ಲ ಓಣಿಯ ಮಕ್ಕಳಿದ್ದೂ ತತ್ತಿಯ ಕಾಲಂನಲ್ಲಿ ಸೊನ್ನೆ. ಮಕ್ಕಳು ಯಾವತ್ತೂ ಅಷ್ಟು ಒಮ್ಮತದಿಂದ ಇರುವುದಿಲ್ಲ. ಬೇಕಾದರೆ ಅವರಿಗೆ ಉಪ್ಪಿಟ್ಟು ಕೊಟ್ಟು ನೋಡಿ.

ಹೀಗಾಗಿ ಕೇಳಬೇಕಾದ್ದು ತತ್ತಿ ಒಳ್ಳೆಯದೋ ಕೆಟ್ಟದ್ದೋ ಅನ್ನುವುದನ್ನಲ್ಲ. ಅದನ್ನು ಯಾದಗಿರಿಯ ತಕ್ಕಡಿ ಹೇಳಿ ಆಗಿದೆ. ಮಗುವನ್ನು ಯಾರು ಕೇಳಿದರು, ಒಬ್ಬೊಬ್ಬರನ್ನೇ ಕೇಳಿದರೋ ಎಲ್ಲರ ಮುಂದೆ ಕೇಳಿದರೋ, ಮನೆಯವರ ಸಹಿ ಇದೆಯೋ, ವರ್ಷಕ್ಕೆ ಒಮ್ಮೆಯಾದರೂ ಮತ್ತೆ ಕೇಳಿದ್ದಾರೋ. ಜಿಲ್ಲಾ ಪಂಚಾಯತಿ ಮನಸ್ಸು ಮಾಡಿದರೆ ಸೊನ್ನೆ ಬರೆದ ಶಾಲೆಗಳ ಪಟ್ಟಿಯನ್ನು ಒಂದು ಮಧ್ಯಾಹ್ನದಲ್ಲಿ ತೆಗೆಯಬಹುದು. ಆ ಪಟ್ಟಿ ಹಿಡಿದು ಊಟದ ಹೊತ್ತಿಗೆ ಹೇಳದೆ ಹೋಗಬೇಕು. ಹೇಳಿ ಹೋದರೆ ಅವತ್ತು ತತ್ತಿ ಇದ್ದೇ ಇರುತ್ತದೆ.

ಅಕ್ಕನ ಮಗ ಈಗ ಕಲಬುರಗಿಯಲ್ಲಿ ಓದುತ್ತಿದ್ದಾನೆ. ಮೊನ್ನೆ ಫೋನಿನಲ್ಲಿ ಕೇಳಿದೆ, ಹೊಸ ಸಾಲ್ಯಾಗ ತತ್ತಿ ಕೊಡ್ತಾರೇನೋ ಅಂತ.

“ಕೊಡ್ತಾರ ಮಾಮಾ. ನಾ ಬಿಳೇದಷ್ಟೇ ತಿಂತೀನಿ. ಹಳದಿ ನಂಗ ಸೇರಂಗಿಲ್ಲ, ಗೆಳ್ಯಾಗ ಕೊಡ್ತೀನಿ.”